ಟೂರ್ನಮೆಂಟಿನ ದುಡ್ಡು ಯಾವ ಲೆಕ್ಕಕ್ಕೆ?

ಎಂಟನೇ ಕ್ಲಾಸಿನ ಹುಡುಗನೊಬ್ಬ ನಾಲ್ಕು ದಿನ ಫುಟ್‌ಬಾಲ್ ಆಡಿ ಬರೋದಕ್ಕೆ ಒಂದು ಮನೆ ಎಷ್ಟು ಖರ್ಚು ಮಾಡಬಹುದು? ನಮ್ಮ ಕಡೆ ಮೊದಲೆಲ್ಲ ಯಾರೂ ಈ ಪ್ರಶ್ನೆ ಕೇಳ್ತಿರಲಿಲ್ಲ. ಆಡೋದಕ್ಕೆ ದುಡ್ಡು ಬೇಕು ಅನ್ನೋದೇ ಗೊತ್ತಿರಲಿಲ್ಲ. ಅರಕಲಗೂಡು ತಾಲ್ಲೂಕಿನ ನಮ್ಮೂರಲ್ಲಿ ಸುಗ್ಗಿ ಮುಗಿದ ಮೇಲೆ ಗದ್ದೆ ಬಯಲೇ ಮೈದಾನ. ಊರ ಹುಡುಗರು ಕೈಯಿಂದ ಹತ್ತು ಇಪ್ಪತ್ತು ಹಾಕಿ ಬಾಲ್ ತರ್ತಿದ್ರು. ವರ್ಷಕ್ಕೊಂದು ಸಲ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ. ಮೈಕು, ಟ್ಯೂಬ್‌ಲೈಟು, ಗೆದ್ದ ತಂಡಕ್ಕೆ ಟ್ರೋಫಿ ಜೊತೆಗೆ ಒಂದು ಟಗರು. ಪ್ರವೇಶ ಶುಲ್ಕ ಊರಿನ ಯಾರಾದ್ರೂ ಕೈಬಿಚ್ಚಿ ಕೊಡೋರು. ಅಪ್ಪ ಅಮ್ಮನಿಗೆ ಬೀಳ್ತಿದ್ದ ಖರ್ಚು ಅಂದರೆ ಮಂಡಿ ಕೆತ್ತಿಸಿಕೊಂಡು ಬಂದಾಗ ಹಚ್ಚೋ ಅರಿಶಿನ ಅಷ್ಟೆ.

ಈಗ ಹಾಸನದಲ್ಲಿ ಸಂಜೆ ಐದರ ಮೇಲೆ ಓಡಾಡಿದರೆ ಬೇರೆಯದೇ ನೋಟ. ಸ್ಕೂಟರ್ ಹಿಂದೆ ಸ್ಟಡ್ಸ್ ಶೂ ನೇತುಹಾಕಿಕೊಂಡು ಕೂತ ಮಕ್ಕಳು, ಬೆನ್ನ ಮೇಲೆ ಹೆಸರು ಬರೆಸಿದ ಜೆರ್ಸಿ, ಮೈದಾನದ ಅಂಚಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕಾಯ್ತಾ ಕೂತ ಅಮ್ಮಂದಿರು. ಚನ್ನರಾಯಪಟ್ಟಣ, ಹೊಳೆನರಸೀಪುರದಿಂದ ಕೋಚಿಂಗಿಗೆ ಅಂತಲೇ ಬಸ್ಸು ಹತ್ತಿ ಬರೋರಿದ್ದಾರೆ. 2017ರ ಮಾರ್ಚ್‌ನಲ್ಲಿ ಚನ್ನರಾಯಪಟ್ಟಣ, ಶ್ರವಣಬೆಳಗೊಳದ ಮೇಲೆ ಹಾಸನ–ಬೆಂಗಳೂರು ರೈಲು ಶುರುವಾದ ಮೇಲೆ, ಭಾನುವಾರ ಬೆಂಗಳೂರಿಗೆ ಹೋಗಿ ಮ್ಯಾಚ್ ಆಡಿ ರಾತ್ರಿ ವಾಪಸ್ ಬರೋದೂ ಸಲೀಸಾಯ್ತು. ಇದರ ಹಿಂದೆಯೇ ವಾಟ್ಸಾಪಿನಲ್ಲಿ ಪೋಸ್ಟರುಗಳು ಬರ್ತವೆ. ಅಂಡರ್ 12, ಅಂಡರ್ 14, ಗೋವಾ, ಪುಣೆ, ಕೊಯಮತ್ತೂರು. ಕೆಳಗೆ ಸಣ್ಣ ಅಕ್ಷರದಲ್ಲಿ ಫೀಸು.

ನನ್ನ ಅಕ್ಕನ ಮನೆಗೂ ಒಂದು ಪೋಸ್ಟರ್ ಬಂತು. ಅಕ್ಕನನ್ನ ಕೊಟ್ಟಿರೋದು ಚನ್ನರಾಯಪಟ್ಟಣದ ಕಡೆಗೆ. ಭಾವನಿಗೆ ಒಂದೂವರೆ ಎಕರೆ ತೆಂಗಿನ ತೋಟ, ಎರಡು ಸೀಮೆಹಸು. ಮಗ ಎಂಟನೇ ಕ್ಲಾಸು, ಮಗಳು ಎಸ್ಎಸ್ಎಲ್‌ಸಿ. ಗೋವಾದಲ್ಲಿ ನಾಲ್ಕು ದಿನದ ಟೂರ್ನಮೆಂಟು, ಕಳಿಸಬೇಕಾ ಬೇಡವಾ ಅಂತ ಅಕ್ಕ ನನಗೆ ಫೋನ್ ಮಾಡಿದಳು. ಬಿಇ ಓದಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋನು ಅಂದಮೇಲೆ ಲೆಕ್ಕ ಬರುತ್ತೆ ಅಂತ ಮನೆಯವರ ನಂಬಿಕೆ. ಲೆಕ್ಕ ಹಾಕೋದೇನೋ ಹಾಕಿದೆ. ಆದರೆ ಇದು ಬರೀ ಲೆಕ್ಕದ ಪ್ರಶ್ನೆ ಅಲ್ಲ ಅಂತ ಲೆಕ್ಕ ಮುಗಿದ ಮೇಲೆ ಅನ್ನಿಸಿತು. ಅದಕ್ಕೇ ಇದನ್ನ ಬರೀತಿದೀನಿ.

ಮೊದಲು ಲೆಕ್ಕ. ತಂಡದ ಪ್ರವೇಶ ಶುಲ್ಕದಲ್ಲಿ ಅವನ ಪಾಲು 3,500 ರೂಪಾಯಿ. ಅರಸೀಕೆರೆಗೆ ಹೋಗಿ ಅಲ್ಲಿಂದ ರೈಲು, ಹೋಗಿಬರೋ ಖರ್ಚು 1,800. ರೂಮು, ಊಟ 4,200. ಹೊಸ ಜೆರ್ಸಿ 1,500. ಹಳೇ ಶೂ ಬಾಯಿಬಿಟ್ಟಿತ್ತು, ಅದಕ್ಕೆ 2,200. ಒಟ್ಟು 13,200. ತಿಂಗಳ ಕೋಚಿಂಗ್ ಫೀಸು ಬೇರೆ. ಅಕ್ಕನ ಮನೆಯಲ್ಲಿ ಡೈರಿಗೆ ದಿನಕ್ಕೆ ಹತ್ತು ಲೀಟರ್ ಹಾಲು ಹಾಕ್ತಾರೆ. ಲೀಟರಿಗೆ 35 ರೂಪಾಯಿ ಹಿಡಿದರೆ ಹದಿನೈದು ದಿನದ ಬಟವಾಡೆ 5,250. ಬೂಸ, ಹಿಂಡಿಗೆ ಅರ್ಧ ಹೋಗುತ್ತೆ. ಅಂದರೆ ನಾಲ್ಕು ದಿನದ ಟೂರ್ನಮೆಂಟು ಆ ಎರಡು ಹಸುಗಳ ಎರಡೂವರೆ ತಿಂಗಳ ದುಡಿಮೆ.

ಇದು ಕಣ್ಣಿಗೆ ಕಾಣೋ ಖರ್ಚು. ಕಾಣದೆ ಇರೋದು ಎರಡಿವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಹಾಗಾಗಿ ವಾರಕ್ಕೆ ಮೂರು ದಿನ ಮಗನನ್ನ ಹಾಸನಕ್ಕೆ ಕರ್ಕೊಂಡು ಹೋಗೋ ಕೆಲಸ ಅಕ್ಕನಿಗೆ ಬಿತ್ತು. ಮಗನಿಗೆ ಟಿಕೆಟ್ಟು, ಅವಳಿಗೆ ಫ್ರೀ. ಟಿಕೆಟ್ ಫ್ರೀ ಆದ್ದರಿಂದ ಅವಳ ಮಧ್ಯಾಹ್ನವೂ ಫ್ರೀ ಅಂತ ಎಲ್ಲರೂ ಅಂದ್ಕೊಂಡುಬಿಟ್ಟರು. ಸಂಜೆ ಹಾಲು ಕರೆಯೋಕೆ ಅವಳಿಲ್ಲ ಅಂದರೆ ಭಾವ ತೋಟದಿಂದ ಬೇಗ ಬರಬೇಕು. ಆ ಹೊತ್ತನ್ನ ಯಾರೂ ಬರೆದಿಟ್ಟಿಲ್ಲ. ಎರಡನೆಯದು ಮಗಳ ಗಣಿತದ ಟ್ಯೂಷನ್. ವರ್ಷಕ್ಕೆ 6,000. 'ದಸರಾ ಆದ್ಮೇಲೆ ಸೇರಿಸೋಣ' ಅಂತ ಮುಂದಕ್ಕೆ ಹಾಕಿದ್ದರು. ಮಗಳು ಏನೂ ಅಂದಿರಲಿಲ್ಲ.

ಇಂಥ ಖರ್ಚಿನ ಬಗ್ಗೆ ನಮ್ಮ ಊರುಗಳಲ್ಲಿ ಎರಡು ಉತ್ತರ ಚಾಲ್ತಿಯಲ್ಲಿವೆ. ಒಂದು, 'ಇದು ಬಂಡವಾಳ ಕಣಪ್ಪ, ನಾಳೆ ಬತ್ತದೆ'. ಇನ್ನೊಂದು, 'ದುಡ್ಡು ದಂಡ, ಓದ್ಕೊಳ್ಳೋಕೆ ಹೇಳು'. ಎರಡನ್ನೂ ಒಂದೊಂದಾಗಿ ನೋಡೋಣ.

ಬಂಡವಾಳ ಅನ್ನೋರು ಮೊದಲು ಹೇಳೋ ಹೆಸರು ಜಾವಗಲ್ ಶ್ರೀನಾಥ್. ಅರಸೀಕೆರೆ ತಾಲ್ಲೂಕಿನ ಜಾವಗಲ್ ಅವರ ಹೆಸರಲ್ಲೇ ಇದೆ, ಹಾಗಾಗಿ ನಮ್ಮ ಜಿಲ್ಲೆಗೆ ಹೆಮ್ಮೆ. ಆದರೆ ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯಲ್ಲಿ ಬಿಇ ಓದಿದೋರು ಅನ್ನೋದನ್ನ ಯಾರೂ ಜೊತೆಗೆ ಹೇಳಲ್ಲ. ಆಮೇಲೆ ಬರೋ ಹೆಸರು ಮೆಸ್ಸಿ. ಅವರ ಅಪ್ಪ ಒಂದು ಉಕ್ಕಿನ ಕಾರ್ಖಾನೆಯ ನೌಕರ. ಮಗನ ಬೆಳವಣಿಗೆಗೆ ಹಾರ್ಮೋನ್ ಚಿಕಿತ್ಸೆ ಬೇಕಾಗಿತ್ತು, ಅದರ ವೆಚ್ಚ ಆ ಮನೆಗೆ ಭಾರ. 2000ದ ಡಿಸೆಂಬರ್‌ನಲ್ಲಿ ಬಾರ್ಸಿಲೋನಾ ಕ್ಲಬ್ಬಿನವರು ಕರವಸ್ತ್ರದ ಕಾಗದದ ಮೇಲೆ ಒಪ್ಪಂದ ಬರೆದುಕೊಟ್ಟ ಕತೆ ಎಲ್ಲರಿಗೂ ಗೊತ್ತು. ಚಿಕಿತ್ಸೆಯ ಖರ್ಚನ್ನ ಕ್ಲಬ್ಬು ಹೊತ್ತುಕೊಂಡಿತು. ಮನೆಯವರು ಸಾಲ ಮಾಡಿ ಟೂರ್ನಮೆಂಟಿಗೆ ಕಳಿಸಿದ್ದರಿಂದ ಮೆಸ್ಸಿ ಮೆಸ್ಸಿಯಾದ ಅಂತ ಈ ಕತೆಯಲ್ಲಿ ಎಲ್ಲೂ ಇಲ್ಲ. ದೊಡ್ಡ ಖರ್ಚು ಎದುರಾದಾಗ ಬೇರೆ ಯಾರೋ ಕೊಟ್ಟರು ಅಂತಿದೆ.

ಮೇಲಿನ ಮೆಟ್ಟಿಲಲ್ಲಿ ಎಷ್ಟು ಜಾಗ ಇದೆ ಅಂತಲೂ ನೋಡಬೇಕಲ್ಲ. 2024–25ರಲ್ಲಿ ಇಂಡಿಯನ್ ಸೂಪರ್ ಲೀಗ್‌ನಲ್ಲಿದ್ದದ್ದು 13 ತಂಡ. ತಂಡಕ್ಕೆ ಮೂವತ್ತು ಜನ ಅಂದರೂ, ವಿದೇಶದವರನ್ನೂ ಸೇರಿಸಿ, 400 ದಾಟಲ್ಲ. ಇಡೀ ದೇಶಕ್ಕೆ. ಅಲ್ಲಿಗೆ ತಲುಪಿದವರಿಗೂ ಭದ್ರತೆ ಇಲ್ಲ. ಲೀಗಿನ ಮುಂದಿನ ಸೀಸನ್ನೇ ಡೋಲಾಯಮಾನವಾದಾಗ, 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಿತು. ಇನ್ನು 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನ 3-2ರಿಂದ ಸೋಲಿಸಿ, 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನ ಸಲ ಗೆದ್ದಾಗ ನಾವಿನ್ನೂ ಮೈಸೂರು ರಾಜ್ಯ. ಅಷ್ಟು ದೊಡ್ಡ ಗೆಲುವು. ಅಕ್ಕನ ಮಗನಿಗೆ ರಿಯಾದ್ ಅಂದರೆ ರೊನಾಲ್ಡೊ ಆಡೋ ಊರು ಅಂತ ಗೊತ್ತು, ನಮ್ಮವರು ಅಲ್ಲಿ ಕಪ್ ಎತ್ತಿದ್ದು ಗೊತ್ತಿಲ್ಲ. ಅವನನ್ನ ಬೈಯೋಕೆ ಹೇಳ್ತಿಲ್ಲ. ದೇಶದೊಳಗಿನ ಫುಟ್‌ಬಾಲಿನ ತುತ್ತತುದಿಗೆ ಏರಿದವರ ಹೆಸರೂ ಒಂದು ತಾಲ್ಲೂಕು ಕೇಂದ್ರದ ತನಕ ಬರಲ್ಲ ಅನ್ನೋದಕ್ಕೆ ಹೇಳಿದೆ.

'ಹೋಗ್ಲಿ, ಸರ್ಟಿಫಿಕೇಟ್ ಸಿಗುತ್ತಲ್ಲ, ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು' ಅಂತಾರೆ. ಕೋಟಾ ಇರೋದು ನಿಜ, ಸೀಟು ಬೆರಳೆಣಿಕೆ. ಅದಕ್ಕೂ ಪೋಸ್ಟರ್ ಟೂರ್ನಮೆಂಟಿನ ಸರ್ಟಿಫಿಕೇಟಿಗೂ ಸಂಬಂಧ ಕಮ್ಮಿ. ಶಾಲಾ ಕ್ರೀಡೆಗೆ ಒಂದು ಸರ್ಕಾರಿ ದಾರಿ ಇದೆ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ಅಲ್ಲಿಂದ 1954ರಲ್ಲಿ ಶುರುವಾದ ಸ್ಕೂಲ್ ಗೇಮ್ಸ್ ಫೆಡರೇಷನ್ನಿನ ರಾಷ್ಟ್ರಮಟ್ಟದ ಕೂಟ. ಹದಿನಾಲ್ಕು, ಹದಿನೇಳು, ಹತ್ತೊಂಬತ್ತು ವರ್ಷದೊಳಗಿನವರು ಅಂತ ವಿಂಗಡಣೆ. ಈ ದಾರಿ ಗೋವಾದ ಮೇಲೆ ಹಾದುಹೋಗಲ್ಲ. ಹೋಬಳಿ ಕ್ರೀಡಾಕೂಟದ ಮೇಲೆ ಹಾದುಹೋಗುತ್ತೆ. ಹೋಬಳಿ ಕೂಟಕ್ಕೆ ಮನೆಯವರು ಕೊಡಬೇಕಾದ್ದು ಹೆಚ್ಚೆಂದರೆ ಬಸ್ ಚಾರ್ಜು. ಹೆಸರಲ್ಲಿ 'ನ್ಯಾಷನಲ್', 'ಇಂಟರ್‌ನ್ಯಾಷನಲ್' ಅಂತ ಇದ್ದ ಮಾತ್ರಕ್ಕೆ ಆ ಕಾಗದಕ್ಕೆ ಸರ್ಕಾರದ ಮಾನ್ಯತೆ ಇದೆ ಅಂತಲ್ಲ. ದುಡ್ಡು ಕಟ್ಟೋ ಮುಂಚೆ ಆ ಆಟಕ್ಕೆ ಕೇಂದ್ರ ಕ್ರೀಡಾ ಸಚಿವಾಲಯ ಮಾನ್ಯ ಮಾಡಿರೋ ಫೆಡರೇಷನ್ ಯಾವುದು ಅಂತ ವಿಚಾರಿಸಿ ನೋಡಿ. ಎಷ್ಟೋ ಪೋಸ್ಟರುಗಳ ಬಣ್ಣ ಅಲ್ಲೇ ಬಿಟ್ಟುಹೋಗುತ್ತೆ.

ಇಷ್ಟೂ ಬುದ್ಧಿವಂತಿಕೆಯ ಮಾತಾಯ್ತು. ಬಂಡವಾಳ ಅನ್ನೋ ಪದದ ಮೇಲೆ ನನಗಿರೋ ದೊಡ್ಡ ತಕರಾರು ಬೇರೆ. ಅದು ಮಗುವನ್ನ ಸಾಲಗಾರನನ್ನಾಗಿ ಮಾಡುತ್ತೆ.

ಹಾಸನದ ಒಂದು ಮೈದಾನದಲ್ಲಿ ಅಕ್ಕನ ಮಗನ ಮ್ಯಾಚ್ ನೋಡೋಕೆ ಹೋಗಿದ್ದೆ. ನನ್ನ ಪಕ್ಕ ನಿಂತಿದ್ದ ಒಬ್ಬರು, ಮಗ ಒಂದು ಪಾಸ್ ತಪ್ಪಿಸಿದ ತಕ್ಷಣ ಕೂಗಿದರು: "ಲೇ, ನಿನ್ ಶೂಗೇ ಮೂರ್ ಸಾವ್ರ ಕೊಟ್ಟಿವ್ನಿ ಕಣ್ಲಾ!" ಸುತ್ತ ಇದ್ದೋರು ನಕ್ಕರು. ಹುಡುಗ ನಗಲಿಲ್ಲ. ಆಮೇಲೆ ಬಾಲ್ ಹತ್ತಿರ ಬಂದಾಗೆಲ್ಲ ಅವನು ಬಾಲ್ ನೋಡೋ ಮೊದಲು ಅಪ್ಪನ ಕಡೆ ನೋಡ್ತಿದ್ದ.

ಆ ಅಪ್ಪ ಕೆಟ್ಟವರಲ್ಲ. ಮೂರು ಸಾವಿರ ಅವರಿಗೆ ಸಣ್ಣ ದುಡ್ಡೂ ಅಲ್ಲ. ಆದರೆ ಸಾಲ ಅಂದರೆ ಎರಡು ಕಡೆಯವರೂ ಒಪ್ಪಿರಬೇಕು ತಾನೆ? ಸೊಸೈಟಿಯಲ್ಲಿ ಬೆಳೆಸಾಲ ತಗೊಂಡರೂ ಸಹಿ ಹಾಕ್ತೀವಿ. ಸಂಘದಲ್ಲಿ ಸಾಲ ಎತ್ತಿದರೆ ವಾರದ ಕಂತು ಎಷ್ಟು ಅಂತ ಮೊದಲೇ ಹೇಳ್ತಾರೆ. ಹದಿಮೂರು ವರ್ಷದ ಹುಡುಗ ಯಾವ ಪತ್ರಕ್ಕೂ ಸಹಿ ಹಾಕಿಲ್ಲ. 'ಶೂ ಬೇಕು' ಅಂದಿದ್ದಾನೆ ಅಷ್ಟೆ. ಆ ಶೂಗೆ ಪ್ರತಿಯಾಗಿ ಗೋಲು, ಸೆಲೆಕ್ಷನ್ನು, ಮುಂದೊಂದು ದಿನ ನೌಕರಿ ಕೊಡಬೇಕು ಅನ್ನೋ ಕರಾರು ಅವನಿಗೆ ಗೊತ್ತಾಗೋದು ಪಾಸ್ ತಪ್ಪಿದ ದಿನ. ಒಪ್ಪದೆ ಇರೋ ಸಾಲಕ್ಕೆ ಒಬ್ಬನನ್ನ ಹೊಣೆ ಮಾಡೋದು ದೊಡ್ಡವರ ವಿಷಯದಲ್ಲಿ ಅನ್ಯಾಯ ಆದರೆ ಮಕ್ಕಳ ವಿಷಯದಲ್ಲೂ ಅನ್ಯಾಯವೇ. ಪ್ರೀತಿಯಿಂದ ಮಾಡಿದರೂ ಅನ್ಯಾಯವೇ.

ಹಾಗಾದರೆ ಎರಡನೇ ಉತ್ತರ ಸರಿಯಾ? ದುಡ್ಡು ದಂಡವಾ?

ನಾವು ಎಲ್ಲೆಲ್ಲಿ ಖರ್ಚು ಮಾಡ್ತೀವಿ ಅಂತ ಸ್ವಲ್ಪ ನೋಡಿ. ರಾಮನಾಥಪುರದ ತೇರಿಗೆ ಹೋಗ್ತೀವಿ. ವಾರಗಟ್ಟಲೆ ಮೊದಲೇ ಮನೆ ಸಾರಿಸಿ, ನೆಂಟರನ್ನ ಕರೆದು, ಮಕ್ಕಳಿಗೆ ಪೀಪಿ ಬತ್ತಾಸು ಕೊಡಿಸಿ ಬರ್ತೀವಿ. ಬೀಗರ ಊಟಕ್ಕೆ ಇಡೀ ಊರಿಗೆ ಎಲೆ ಹಾಕಿಸ್ತೀವಿ. ನಾಮಕರಣ, ಗೃಹಪ್ರವೇಶ, ಪಿತೃಪಕ್ಷ. ಇವುಗಳಿಂದ ಎಷ್ಟು ವಾಪಸ್ ಬಂತು ಅಂತ ಯಾವ ಯಜಮಾನನೂ ಕೇಳಿದ್ದು ನಾನು ಕೇಳಿಲ್ಲ. ಕೇಳಿದರೆ ಅವನನ್ನೇ ವಿಚಿತ್ರವಾಗಿ ನೋಡ್ತಾರೆ. ಯಾಕೆಂದರೆ ಇವು ಬದುಕೋ ಖರ್ಚು. ದುಡಿಯೋದೇ ಇದಕ್ಕೆ ಅಂತ ನಮ್ಮ ಹಿರಿಯರು ತಿಳಿದಿದ್ದರು. ಹಾಗಿರುವಾಗ ಮಗು ನಾಲ್ಕು ದಿನ ಗೆಳೆಯರ ಜೊತೆ ಆಡಿ, ಸೋತು, ಗೆದ್ದು, ಬೇರೆ ಊರಿನ ಅನ್ನ ತಿಂದು ಬರೋದಕ್ಕೆ ಮಾತ್ರ ಲಾಭದ ಲೆಕ್ಕ ಯಾಕೆ?

ಈ ಮಾತಿಗೆ ಸಾಕ್ಷಿ ನಮ್ಮ ಪಕ್ಕದಲ್ಲೇ ಇದೆ. ಅರಕಲಗೂಡಿಂದ ಗಡಿ ದಾಟಿದರೆ ಕೊಡಗು. ಅಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಶುರು ಮಾಡಿದರು. ಮೊದಲ ವರ್ಷ ಬಂದದ್ದು 60 ಕುಟುಂಬಗಳ ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡ, ಗಿನ್ನೆಸ್ ದಾಖಲೆ. ಒಂದೊಂದು ವರ್ಷ ಒಂದೊಂದು ಕುಟುಂಬ ಇಡೀ ಟೂರ್ನಮೆಂಟಿನ ಹೊಣೆ ಹೊರುತ್ತೆ. ಅದಕ್ಕೆ ಆಗೋ ಖರ್ಚು ಅಷ್ಟಿಷ್ಟಲ್ಲ. ಅಲ್ಲಿ ಅಜ್ಜನೂ ಆಡ್ತಾನೆ, ಮೊಮ್ಮಗಳೂ ಆಡ್ತಾಳೆ. ಯಾರಿಗೂ ಸೆಲೆಕ್ಷನ್ ಆಗಬೇಕಾಗಿಲ್ಲ. ಆದರೂ ಕೊಡಗು ದೇಶಕ್ಕೆ ಎಷ್ಟು ಹಾಕಿ ಆಟಗಾರರನ್ನ ಕೊಟ್ಟಿದೆ ಅಂತ ಬೇರೆ ಹೇಳಬೇಕಾಗಿಲ್ಲ. ಅವರು ಅದನ್ನ ಹಬ್ಬ ಅಂತಲೇ ಕರೀತಾರೆ. ಹಬ್ಬದ ಲೆಕ್ಕಕ್ಕೆ ಬರೆದ ಖರ್ಚು ಯಾರ ತಲೆ ಮೇಲೂ ಸಾಲವಾಗಿ ಕೂರಲ್ಲ.

ಇಲ್ಲಿಗೆ ನನ್ನ ಉತ್ತರ ಸಿಕ್ಕಿತು ಅಂತ ಅಂದ್ಕೊಂಡು ಅಕ್ಕನಿಗೆ ಫೋನಲ್ಲಿ ಹೇಳಿದೆ. "ಅಕ್ಕ, ಬಂಡವಾಳ ಅಂತ ಹಾಕೋದಾದ್ರೆ ಬೇಡ. ಹಬ್ಬ ಅಂತ ಮಾಡೋದಾದ್ರೆ ಮಾಡು."

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ಹಬ್ಬ ಹೊಟ್ಟೆ ತುಂಬಿದೋರ್‌ಗೆ ಕಣೋ. ನಿನ್ನ ಇಂಜಿನಿಯರಿಂಗ್ ಓದ್ಸಕ್ಕೆ ಅಪ್ಪ ಹೊಗೆಸೊಪ್ಪಿನ್ ದುಡ್ಡಿನ್ ಮೇಲೆ ಕೈಸಾಲನೂ ಮಾಡಿತ್ತು. ಅದು ಹಬ್ಬನಾ? ಅದು ಬಂಡವಾಳ ತಾನೆ? ಬಂತೋ ಇಲ್ವೋ? ನನ್ ಮಗನ್ಗೂ ಒಂದ್ ದಾರಿ ಆದ್ರೆ ಆಗ್ಲಿ ಅಂತ."

ಇದಕ್ಕೆ ಥಟ್ಟನೆ ಉತ್ತರ ಹೇಳೋಕೆ ಆಗಲ್ಲ. ಅವಳ ಮಾತಲ್ಲಿ ಎರಡು ವಾದ ಇದೆ. ಒಂದು, ಬಡವರಿಗೆ ಆಟ ಏಣಿ. ಆ ಏಣಿ ಹತ್ತೋಕೆ ಪ್ರಯತ್ನ ಮಾಡಬೇಡಿ, ಬರೀ ಖುಷಿಗೆ ಆಡಿ ಅಂದರೆ ಏಣಿಯನ್ನ ಉಳ್ಳವರಿಗೇ ಬಿಟ್ಟುಕೊಟ್ಟ ಹಾಗಾಯ್ತು. ಇನ್ನೊಂದು, ನಾನೇ ಒಂದು ಬಂಡವಾಳ. ಹೀಗಿರುವಾಗ ಬಂಡವಾಳ ತಪ್ಪು ಅಂತ ನಾನು ಹೆಂಗೆ ಹೇಳಲಿ?

ಮೊದಲನೆಯದು. ಏಣಿ ಬೇಕು, ಒಪ್ಪಿದೆ. ಆದರೆ ದುಡ್ಡು ಕೊಟ್ಟೋರು ಮಾತ್ರ ಹತ್ತೋ ಏಣಿಯಲ್ಲಿ ಬಡವರು ಯಾವತ್ತೂ ಕೊನೆಗೇ ಉಳೀತಾರೆ. ಅಮೆರಿಕ ಈ ದಾರಿಯಲ್ಲಿ ನಮಗಿಂತ ಬಹಳ ಮುಂದೆ ಹೋಗಿದೆ. ಅಲ್ಲಿ ಮಕ್ಕಳ ಫುಟ್‌ಬಾಲಿಗೆ 'ಪೇ ಟು ಪ್ಲೇ' ಅಂತಲೇ ಹೆಸರು. ಆಸ್ಪೆನ್ ಇನ್‌ಸ್ಟಿಟ್ಯೂಟ್ ನಡೆಸಿದ ಸಮೀಕ್ಷೆ ಪ್ರಕಾರ 2024ರಲ್ಲಿ ಒಂದು ಮಗುವಿನ ಮುಖ್ಯ ಆಟಕ್ಕೆ ಒಂದು ಕುಟುಂಬ ಸರಾಸರಿ 1,016 ಡಾಲರ್ ಖರ್ಚು ಮಾಡಿದೆ, 2019ಕ್ಕಿಂತ ಶೇ. 46 ಜಾಸ್ತಿ. ನ್ಯೂಜೆರ್ಸಿಯಲ್ಲಿರೋ ನನ್ನ ಒಬ್ಬ ಹಳೇ ಸಹೋದ್ಯೋಗಿ, ಕನ್ನಡದವರೇ, ವಾರಾಂತ್ಯ ಅಂದರೆ ಮಗಳನ್ನ ಕೂರಿಸಿಕೊಂಡು ಮೂರು ತಾಸು ಕಾರು ಓಡಿಸೋದು. 'ಬಿಡೋಣ ಅಂದ್ರೆ ಪಕ್ಕದ ಮನೆಯವರು ಬಿಡಲ್ಲ, ಅವರು ಬಿಡದೆ ಇರೋದಕ್ಕೆ ನಾವೂ ಬಿಡಲ್ಲ' ಅಂತ ನಗ್ತಾರೆ. ಹರಾಜಿನ ಗುಣವೇ ಅದು. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲ್ ಕೂಗೋದನ್ನ ನೋಡಿ ಬೆಳೆದೋರಿಗೆ ಅದನ್ನ ವಿವರಿಸಬೇಕಾಗಿಲ್ಲ. ಒಬ್ಬ ಕೂಗಿದರೆ ಇನ್ನೊಬ್ಬ ಅದಕ್ಕಿಂತ ಮೇಲೆ ಕೂಗಬೇಕು. ಆದರೆ ಅಲ್ಲಿ ಕೊನೆಗೆ ಕೈಗೆ ಸೊಪ್ಪಾದರೂ ಸಿಗುತ್ತೆ.

ನಾರ್ವೆಯಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿನ ಕ್ರೀಡಾ ಒಕ್ಕೂಟ 1987ರಿಂದ ಮಕ್ಕಳ ಕ್ರೀಡೆಗೇ ಪ್ರತ್ಯೇಕ ನಿಯಮ ಮಾಡಿದೆ. ಹನ್ನೊಂದು ವರ್ಷಕ್ಕೆ ಮುಂಚೆ ಅಂಕಪಟ್ಟಿ, ರ‍್ಯಾಂಕಿಂಗ್ ಇಲ್ಲ. ಹದಿಮೂರರ ತನಕ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಮನೆ ಹತ್ತಿರ ಆಡು, ಎಲ್ಲರೂ ಆಡಿ. ಬೆಂಗಳೂರಿನ ಅರ್ಧದಷ್ಟೂ ಜನ ಇಲ್ಲದ ಆ ದೇಶ 2022ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಗೆದ್ದಿತು. ಅಲ್ಲಿಯ ತನಕ ಒಂದೇ ಚಳಿಗಾಲದ ಕೂಟದಲ್ಲಿ ಯಾವ ದೇಶವೂ ಅಷ್ಟು ಚಿನ್ನ ಗೆದ್ದಿರಲಿಲ್ಲ. ಆ ನಿಯಮದಿಂದಲೇ ಗೆದ್ದರು ಅಂತ ನಾನು ಹೇಳಲ್ಲ, ಅಲ್ಲಿ ಹಿಮವೂ ಇದೆ ದುಡ್ಡೂ ಇದೆ. ಎಳೇ ಮಕ್ಕಳನ್ನ ಊರೂರು ಸುತ್ತಿಸದಿದ್ದರೆ ಚಾಂಪಿಯನ್ನರು ಹುಟ್ಟಲ್ಲ ಅನ್ನೋ ಭಯ ಸುಳ್ಳು ಅನ್ನೋದಕ್ಕೆ ಇಷ್ಟು ಸಾಕು.

ನಮ್ಮಲ್ಲೂ ಏಣಿ ಹಾಕೋ ಕಾನೂನು ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಅಂತಿದೆ. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಕೊನೇಪಕ್ಷ ಅರೆಕಾಲಿಕ ಮೇಷ್ಟ್ರು ಇರಬೇಕು ಅಂತಿದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿವೆ, ಊಟ ವಸತಿ ತರಬೇತಿ ಎಲ್ಲ ಸರ್ಕಾರದ್ದು. ನಿಜವಾಗಿ ಪ್ರತಿಭೆ ಇರೋ ಬಡ ಮಗುವಿಗೆ ಏಣಿ ಅಂದರೆ ಇದು. ಇದರ ಆಯ್ಕೆ ಯಾವತ್ತು, ಎಲ್ಲಿ ಅಂತ ನಮ್ಮ ಊರುಗಳಲ್ಲಿ ಎಷ್ಟು ಜನಕ್ಕೆ ಗೊತ್ತು? ಗೋವಾದ ಪೋಸ್ಟರ್ ಮೊಬೈಲಿಗೆ ತಾನಾಗೇ ಬರುತ್ತೆ, ಇದು ಬರಲ್ಲ. ಪ್ರತಿ ಮನೆಯೂ ತನ್ನ ಮಗನಿಗೆ ಅಂತ 13,200 ಕೊಟ್ಟು ಸುಮ್ಮನಾದರೆ, ಶಾಲೆಯಲ್ಲಿ ಪಿಟಿ ಮೇಷ್ಟ್ರು ಇಲ್ಲ ಅಂತ ಕೇಳೋರು ಯಾರು? ಕೇಳೋ ಶಕ್ತಿ ಇರೋ ಮನೆಗಳೇ ದುಡ್ಡು ಕೊಟ್ಟು ಆಚೆ ನಡೆದಿರ್ತವೆ. ಖರ್ಚಿನ ನೈತಿಕ ಪ್ರಶ್ನೆಯಲ್ಲಿ ಇದೂ ಒಂದು ಪಾಲು.

ಎರಡನೆಯದು ನನ್ನ ಮೇಲೇ ಬಂದ ವಾದ. ಹೌದು, ನಾನು ಬಂಡವಾಳವೇ. ಹೊಳೆನರಸೀಪುರದಲ್ಲಿ ಪಿಯುಸಿ, ಹಾಸನದಲ್ಲಿ ಬಿಇ. ಪದವಿಗೂ ಟೂರ್ನಮೆಂಟಿಗೂ ಒಂದು ವ್ಯತ್ಯಾಸ ಇದೆ: ಪದವಿ ಸಾಧಾರಣ ಓದಿದವನಿಗೂ ಉಳಿಯುತ್ತೆ, ಟೂರ್ನಮೆಂಟು ನಾನೂರರಲ್ಲಿ ಒಬ್ಬನಾದವನಿಗೆ ಮಾತ್ರ ಸಂಬಳ ಕೊಡುತ್ತೆ. ನಮ್ಮಪ್ಪ ಎಷ್ಟು ಸಾಲ ಮಾಡಿದ್ದರು ಅಂತ ನಾನು ಓದೋವಾಗ ಒಂದು ದಿನವೂ ಹೇಳಲಿಲ್ಲ. ಸಾಲದ ಮೊತ್ತ ನನಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ. ಬಂಡವಾಳ ಹಾಕಿದರೂ ಮಗನಿಗೆ ಬಿಲ್ಲು ತೋರಿಸದೆ ಇರೋದು ಒಂದು ದೊಡ್ಡತನ.

ಇದನ್ನೇ ಅಕ್ಕನಿಗೆ ಹೇಳ್ತಿದ್ದೆ. ಹೇಳ್ತಾ ಹೇಳ್ತಾ ಇನ್ನೊಂದು ಲೆಕ್ಕ ಕಣ್ಣಿಗೆ ಬಂತು, ಅವಳಿಗೂ ಬಂದಿತ್ತು ಅನ್ನಿಸುತ್ತೆ. ನಾನು ಇಂಜಿನಿಯರಿಂಗ್ ಸೇರಿದ ವರ್ಷವೇ ಅಕ್ಕನ ಓದು ನಿಂತಿದ್ದು. ಪಿಯುಸಿ ಪಾಸಾಗಿ ಎರಡು ವರ್ಷ ಮನೆಯಲ್ಲಿದ್ದಳು. ಹಾಸನಕ್ಕೆ ಹೋಗಿ ಬಿಎ ಮಾಡ್ತೀನಿ ಅಂತಿದ್ದವಳು ನನ್ನ ಸೀಟು ಆದ ಮೇಲೆ ಆ ಮಾತೇ ಎತ್ತಲಿಲ್ಲ. ಅಪ್ಪನ ಸಾಲ ನಾನು ತೀರಿಸಿದೆ. ಅಕ್ಕ ಕೊಟ್ಟಿದ್ದು ಯಾವ ಪುಸ್ತಕದಲ್ಲೂ ಇಲ್ಲ.

"ನಾನ್ ಕೇಳ್ಲಿಲ್ಲ ಕಣೋ," ಅಂದಳು. "ಕೇಳ್ಬೇಕು ಅಂತ ಗೊತ್ತಿರ್ಲಿಲ್ಲ." ಸ್ವಲ್ಪ ತಡೆದು, "ಇವ್ಳೂ ಟ್ಯೂಷನ್ ಕೇಳ್ತಿಲ್ಲ," ಅಂದಳು.

ಆವತ್ತು ನನಗೆ ಈ ಪ್ರಶ್ನೆಯ ಕೇಂದ್ರ ಎಲ್ಲಿದೆ ಅಂತ ಗೊತ್ತಾಯಿತು. ಟೂರ್ನಮೆಂಟು ತಕ್ಕ ಬೆಲೆಯದಾ ಅಂತ ಕೇಳುವಾಗ ನಾವು ದುಡ್ಡನ್ನೂ ಆಡೋ ಮಗುವನ್ನೂ ತಕ್ಕಡಿಯ ಎರಡು ತಟ್ಟೆಯಲ್ಲಿ ಇಡ್ತೀವಿ. ಬೆಲೆ ಕೊಡ್ತಿರೋದು ಬಹಳ ಸಲ ಮೂರನೆಯವರು. ಆಡದೆ ಇರೋ ತಂಗಿ, ಕೇಳದೆ ಇರೋ ಅಕ್ಕ, ಮೈದಾನದ ಅಂಚಲ್ಲಿ ಮಧ್ಯಾಹ್ನ ಕಳೆಯೋ ಅಮ್ಮ. ಹಬ್ಬದ ಹೋಲಿಕೆ ಇಲ್ಲೂ ಉಪಯೋಗಕ್ಕೆ ಬರುತ್ತೆ. ಯುಗಾದಿಗೆ ಮಗನಿಗೊಬ್ಬನಿಗೇ ಬಟ್ಟೆ ತಂದು ಮಗಳಿಗೆ 'ಮುಂದಿನ ವರ್ಷ' ಅಂದರೆ ಅದನ್ನ ಯಾರೂ ಹಬ್ಬ ಅನ್ನಲ್ಲ.

ಹಾಗಾಗಿ ನನ್ನ ಮಟ್ಟಿಗೆ ಮೂರು ಮಾತು ಗಟ್ಟಿಯಾಗಿವೆ. ಮೊದಲ ಮ್ಯಾಚಿನಲ್ಲೇ ಸೋತು ಬಂದರೂ 'ಊಟ ಮಾಡಿದ್ಯಾ?' ಅಂತ ಮಾತ್ರ ಕೇಳೋ ಧೈರ್ಯ ಇದ್ದರೆ ಆ ಖರ್ಚು ಮಾಡಬಹುದು. 'ಇಷ್ಟು ಖರ್ಚು ಮಾಡಿದ್ನಲ್ಲೋ' ಅನ್ನೋ ಮಾತು ಬಾಯಿಗೆ ಬರುತ್ತೆ ಅನ್ನಿಸಿದರೆ ಬೇಡ, ದುಡ್ಡು ಎಷ್ಟೇ ಇದ್ದರೂ ಬೇಡ. ಎರಡನೆಯದು, ಒಡವೆ ಅಡ ಇಟ್ಟು, ಸಂಘದ ಸಾಲ ಎತ್ತಿ ಕಳಿಸೋದು ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಹಬ್ಬಕ್ಕೂ ಅನ್ವಯ. ಮೂರನೆಯದು, ಒಂದು ಮಗುವಿನ ಆಟಕ್ಕೆ ಅಳೆದಷ್ಟನ್ನೇ ಇನ್ನೊಂದು ಮಗುವಿನ ಇಷ್ಟಕ್ಕೂ ಅಳೆದಿಡಬೇಕು. ಅದು ಕೇಳಲಿ ಬಿಡಲಿ.

ಕೊನೆಗೆ ಏನಾಯ್ತು ಅಂತ ಕೇಳ್ತೀರಿ. ಗೋವಾ ಖರ್ಚು ನಾನು ಕೊಡ್ತೀನಿ ಅಂದೆ, ಸೋದರಮಾವ ಅಲ್ಲವಾ. ಭಾವ ಬೇಡ ಅಂದರು. ಅಕ್ಕ ಅಂದಳು, "ಕೊಡೋದಾದ್ರೆ ಇಬ್ಬರಿಗೂ ಒಂದೇ ಅಳತೇಲಿ ಕೊಡು, ಇಲ್ದಿದ್ರೆ ಬೇಡ." ಮಗಳಿಗೆ ಟ್ಯೂಷನ್ ಫೀಸು, ಉಳಿದದ್ದರಲ್ಲಿ ಅವಳಿಗೆ ಬೇಕಾದ ಒಂದು ಸೈಕಲ್ಲಿಗೆ ಮುಂಗಡ. ಹುಡುಗ ಗೋವಾಕ್ಕೆ ಹೋಗಿ ಬಂದ. ಮೂರು ಮ್ಯಾಚು, ಎರಡು ಸೋಲು, ಒಂದು ಡ್ರಾ. ನನಗೆ ಫೋನ್ ಮಾಡಿದವನು ಮ್ಯಾಚಿನ ಬಗ್ಗೆ ಎರಡು ನಿಮಿಷ ಮಾತಾಡಿದ. ಸಮುದ್ರದ ಬಗ್ಗೆ ಇಪ್ಪತ್ತು ನಿಮಿಷ. "ಮಾವ, ಅದು ಮುಗಿಯೋದೇ ಇಲ್ಲ," ಅಂದ. ಗೊರೂರು ಡ್ಯಾಮಿನ ಹಿನ್ನೀರಿಗಿಂತ ದೊಡ್ಡ ನೀರು ಅವನು ಅಲ್ಲಿಯ ತನಕ ನೋಡಿರಲಿಲ್ಲ.

ಅದಕ್ಕೆ 13,200 ಜಾಸ್ತಿಯಾ ಕಮ್ಮಿಯಾ ಅಂತ ನಾನು ಲೆಕ್ಕ ಹಾಕಲಿಲ್ಲ. ಈ ಸಲ ಅಕ್ಕ ಅವನನ್ನ ಹೋಬಳಿ ಕ್ರೀಡಾಕೂಟಕ್ಕೂ ಹೆಸರು ಕೊಡಿಸಿದ್ದಾಳೆ. ಜೊತೆಗೆ ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಎದ್ದು ನಿಂತು, ಪಿಟಿ ಮೇಷ್ಟ್ರ ಜಾಗ ಎಷ್ಟು ದಿನದಿಂದ ಖಾಲಿ ಇದೆ ಅಂತ ಕೇಳಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಪುಣೆಯ ಪೋಸ್ಟರ್ ಮಾತ್ರ ಆಗಲೇ ಬಂದಿದೆ. ಈ ಸಲ ಅದನ್ನ ನೋಡಿದ ಕೂಡಲೇ ಹುಡುಗ ಕೇಳಿದ್ದು, 'ಹೆಣ್ಣುಮಕ್ಕಳ ಟೀಮು ಇಲ್ವಾ?' ಅಂತ. ತಂಗಿ ಥರ ನೋಡ್ಕೊಳ್ಳೋ ಪಕ್ಕದ ಮನೆ ಹುಡುಗಿ ಅವನಿಗಿಂತ ಚೆನ್ನಾಗಿ ಆಡ್ತಾಳಂತೆ.